ಅರ್ಥ್

ಸಿಂಧನೂರಿನ ಕುಷ್ಟಗಿ ರೋಡಿನಲ್ಲಿ
ಟೈರಿನಂಗಡಿಗೂ ಚಹದ ಡಬ್ಬಿಗೂ ನಡುವೆ ಉಳಿದ ಜಾಗ
ನಮ್ಮ ಶೆಡ್ಡು.
ಬ್ಯಾಟರಿಗಳು ಚಳಿಗೆ ಸಾಯುತ್ತವೆಂದು ಐಟಿಐ ಪುಸ್ತಕದಲ್ಲಿತ್ತು.
ನಮ್ಮಲ್ಲಿ ಬಿಸಿಲಿಗೇ ಸಾಯುತ್ತವೆ,
ನೀರು ಹಾರಿ, ಪ್ಲೇಟು ಬೆಳ್ಳಗಾಗಿ,
ಮೇ ತಿಂಗಳ ಮಧ್ಯಾಹ್ನ, ನಿಂತಲ್ಲೇ, ಸದ್ದಿಲ್ಲದೆ.

ಯಂಕೋಬನ ಕ್ರೂಸರ್ ಆವತ್ತು ತಳ್ಳಿಸಿಕೊಂಡು ಬಂತು.
ಹಿಂದೆ ಆರು ಮಂದಿ, ಮಸ್ಕಿಗೆ ಹೋಗಬೇಕಾದವರು,
ಬೆವರೊರೆಸಿಕೊಳ್ಳುತ್ತ, ತಳ್ಳಿದ್ದಕ್ಕೆ ಚಾರ್ಜು ಬಿಡು ಎನ್ನುತ್ತ.
'ಒಂದೇ ತಿಂಗಳಾಗ ಮೂರನೇ ಬ್ಯಾಟರಿ ನೋಡಬೇ ಯವ್ವಾ,
ಒಂದಕ್ಕೂ ನಿಯತ್ತಿಲ್ಲ.'

ಗಾಡಿಗೆ ಹೊಸ ಬಣ್ಣ. ಹಾಲಿನಂಥ ಬಿಳಿ, ಬದಿಗೆ ನೀಲಿ ಪಟ್ಟಿ,
ಹಿಂದಿನ ಗಾಜಿನ ಮೇಲೆ ಇಬ್ಬರು ಮಕ್ಕಳ ಹೆಸರು,
ಮೂರನೆಯದಕ್ಕೆ ಬಿಟ್ಟ ಜಾಗ.

ಕೀ ತಿರುವಿದರೆ ಟಕ್. ಇನ್ನೊಮ್ಮೆ ಟಕ್.
ಡ್ಯಾಶ್‌ಬೋರ್ಡಿನ ಕೆಂಪು ದೀಪ ತೂಕಡಿಸಿತು.
ಮೀಟರು ಹಿಡಿದೆ: ಹನ್ನೆರಡೂವರೆ. ತುಂಬಿದ ಕೊಡ.

ಬೆಂಚಿನ ಮೇಲೆ ಮಲಗಿದ್ದ ಲಾಲಸಾಬ್ ಮಾಮಾ ತಲೆಯೆತ್ತಿದರು.
ಅವರ ಕಣ್ಣಿಗೆ ಪೊರೆ ಬಂದಿದೆ, ಕಿವಿಗೆ ಬಂದಿಲ್ಲ.
'ಅದರದೇನೂ ತಪ್ಪಿಲ್ಲ ಬಿಡು. ಬ್ಯಾಟರಿದು
ಎಷ್ಟೊತ್ತಿನ ಕೆಲಸ? ಮೂರು ಸೆಕೆಂಡು.
ಮಲಗಿದ ಎಂಜಿನ್ನಿನ ರಟ್ಟಿ ಹಿಡಿದು ಎಬ್ಬಿಸೋದು, ಅಷ್ಟ.
ಮುಂದ ಎಂಜಿನ್ನ ಡೈನಮೋ ತಿರುವಿ
ದೀಪಾನೂ ಸಾಕತೈತಿ, ಹಾರನ್ನೂ ಸಾಕತೈತಿ,
ಬೆಳಿಗ್ಗೆ ಇಸಕೊಂಡಿದ್ದನ್ನ ದಾರಿಗುಂಟ ತೀರಿಸತೈತಿ.
ಆಕ್ಸಲರೇಟರ್ ವೈರ್ ಮುಟ್ಟಿ ನೋಡು.'

ಮುಟ್ಟಿದೆ. ರೊಟ್ಟಿಯ ಹಂಚಿನ ಅಂಚು.
ನೆರಳಲ್ಲಿದ್ದ ತಂತಿಗೆ ಬಿಸಿಲಿನ ಬಿಸಿ ಎಲ್ಲಿಂದ ಬರಬೇಕು?

ಹೋಗುವ ಕರೆಂಟಿಗೆ ಕೆಂಪು, ಹಳದಿ, ಹಸಿರು ವೈರಿನ ದಾರಿಗಳುಂಟು.
ತಿರುಗಿ ಬರಲು ಬೇರೆ ತಂತಿಯೇ ಇಲ್ಲ.
ಗಾಡಿಯ ಮೈಯೇ ದಾರಿ:
ಬಾಗಿಲು, ತಳದ ತಗಡು, ಜನ ಕಾಲಿಟ್ಟು ಹತ್ತುವ ಮೆಟ್ಟಿಲು,
ಕಬ್ಬಿಣವೆಂಬ ಕಬ್ಬಿಣವೆಲ್ಲ ಮೈನಸ್ಸಿನ ಮನೆಗೆ ತೆರೆದಿರಬೇಕು.
ಇದಕ್ಕೆ ನಮ್ಮ ಸಾಲಿನಲ್ಲಿ ಅರ್ಥ್ ಅನ್ನುತ್ತಾರೆ.
ಬೋರ್ಡು ಬರೆದ ಪೇಂಟರು ಒತ್ತಿಗೊಂದು ಅಕ್ಷರ ಉಳಿಸಿ
'ಇಲ್ಲಿ ಅರ್ಥ ಚೆಕ್ ಮಾಡಲಾಗುವುದು' ಅಂತ ಬರೆದುಬಿಟ್ಟಿದ್ದಾನೆ.
ಕಾಲೇಜಿನ ಕನ್ನಡ ಮೇಷ್ಟ್ರು ನಕ್ಕು ಫೋಟೋ ತೆಗೆದುಕೊಂಡರು.
ಅವರ ಸ್ಕೂಟರಿನದೂ ಸಡಿಲಿತ್ತು.

ಕರಿ ಕಡ್ಡಿ ಬ್ಯಾಟರಿಯ ಮೈನಸ್ಸಿಗೆ,
ಕೆಂಪು ಕಡ್ಡಿ ಎಂಜಿನ್ನಿನ ಬರಿಮೈಗೆ.
'ಸೆಲ್ಫ್ ಹೊಡಿ ಯಂಕೋಬಣ್ಣ.'
ಸೊನ್ನೆ ಇರಬೇಕಾದಲ್ಲಿ ನಾಲ್ಕು.
ಮನೆಗೆ ಬರುವವರನ್ನು ಯಾರೋ ಅಗಸೆಯಲ್ಲೇ ತಡೆದಿದ್ದಾರೆ;
ಒಂದಿಷ್ಟು ಮಂದಿ ಹಿತ್ತಲ ಸಂದಿಯಿಂದ,
ಆಕ್ಸಲರೇಟರಿನ ಸಣ್ಣ ತಂತಿಗುಂಟ ನುಸುಳಿ,
ಅದನ್ನು ಸುಡುತ್ತ ಬರುತ್ತಿದ್ದಾರೆ.

ಅಡಿಗೆ ಗೋಣಿಚೀಲ ಹಾಸಿ ತೂರಿದೆ.
ಜಡೆ ಹೆಣೆದಂಥ ತಾಮ್ರದ ಪಟ್ಟಿ ಗಟ್ಟಿಯಾಗೇ ಇತ್ತು,
ಬೋಲ್ಟೂ ಬಿಗಿ. ಬಿಚ್ಚಿದರೆ
ಕೆಳಗೆ ಹಾಲಿನಂಥ ಬಿಳಿ,
ಒಂದು ಚೂರೂ ಸೀಳಿಲ್ಲದ, ನೀಟಾದ ಕೆಲಸ.
ಕಬ್ಬಿಣಕ್ಕೂ ತಾಮ್ರಕ್ಕೂ ಮಾತು ನಿಂತು ತಿಂಗಳಾಗಿತ್ತು.

'ಕೆರೀಬ್ಯಾಡಬೇ! ಹದಿನೆಂಟು ಸಾವಿರ ಕೊಟ್ಟೀನಿ ಬಣ್ಣಕ್ಕ!'
'ನಾಲ್ಕಾಣೆ ಅಗಲ ಅಷ್ಟ' ಅಂದೆ, ಮಲಗಿದಲ್ಲಿಂದಲೇ.
ಉಪ್ಪುಕಾಗದದ ಪುಡಿ ಕಣ್ಣಿಗೆ ಬಿತ್ತು.
ಬಿಳಿ ಹೋಗಿ, ಅದರಡಿಯ ಹಳೆ ಹಸಿರು ಹೋಗಿ,
ಅದರಡಿಯ ಕೆಂಪು ಲೇಪವೂ ಹೋಗಿ, ಕೊನೆಗೆ
ಹೊಳೆಯುವ ಬೂದು.

ಅರ್ಧ ಸೆಕೆಂಡಿಗೆ ಹಿಡಿಯಿತು ಗಾಡಿ.
ಆರು ಮಂದಿ ಹತ್ತಿದರು, ಏಳನೆಯವನೊಬ್ಬ ಓಡಿ ಬಂದು ಜೋತುಬಿದ್ದ.
'ಬರೇ ಕೆರೆದಿದ್ದಕ್ಕ ಐವತ್ತಾ?' ಎಂದ ಯಂಕೋಬ ಕೊಟ್ಟ.
ಗೇರು ಹಾಕಿದವನು ಮತ್ತೆ ನ್ಯೂಟ್ರಲ್ ಮಾಡಿದ.
'ಅಲ್ಲಬೇ, ಹಂಗಾದ್ರ ಆ ಎರಡು ಬ್ಯಾಟರಿ...
ಅವೂ ಚಲೋನ ಇದ್ದುವೇನು?'

ನಾನು ಗ್ರೀಸಿನ ಕೈ ಒರೆಸಿಕೊಂಡೆ.
ಮಾಮಾ ಗೋಡೆಯ ಕಡೆ ಮಗ್ಗುಲಾಗಿ ಹೇಳಿದರು:
'ಗುಜರಿಯವ ಕಿಲೋಕ್ಕ ಎಷ್ಟು ಕೊಟ್ಟ?'